ಹೊನ್ನಾರು ಪಟದ ಎಡಮೂಲೆ

ಕರ್ರ್, ಕರ್ರ್, ಕರ್ರ್. ಆಮೇಲೆ ಸಣ್ಣದೊಂದು ‘ಟಕ್’.

ಹಿತ್ತಲಿನಿಂದ ಬಂದ ಸದ್ದು. ಅಂಗಡಿಯಲ್ಲಿ ಗಾಜಿನ ಮೇಜಿನ ಹಿಂದೆ ಕೂತು ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಜೋಡಿಸುತ್ತಿದ್ದ ತಿಮ್ಮರಾಜುವಿನ ಕೈ ಅಲ್ಲೇ ನಿಂತಿತು. ಪಾಂಡವಪುರದ ಬಸ್ ಸ್ಟಾಂಡು ಎದುರಿಗೇ ಇದ್ದುದರಿಂದ ದಿನವಿಡೀ ಹಾರ್ನು, ಕಂಡಕ್ಟರುಗಳ ಕೂಗು, ಕಡಲೆಕಾಯಿ ಮಾರುವವರ ರಾಗ ಅವನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅವು ಯಾವುವೂ ಅವನಿಗೆ ಕೇಳಿಸುತ್ತಿರಲಿಲ್ಲ. ಹೆಬ್ಬೆರಳಿನಲ್ಲಿ ಹಲ್ಲುಚಕ್ರ ತಿರುಗಿಸಿ ರೀಲು ಮುಂದೆ ತಳ್ಳುವ ಈ ಸದ್ದು ಮಾತ್ರ ಗೋಡೆ ದಾಟಿ ಬಂದು ಎದೆಗೆ ತಾಗುತ್ತಿತ್ತು.

“ಏನ್ ತೆಗೀತಿದ್ದೀಯೇ ಅಲ್ಲಿ?” ಎಂದು ಕೂತಲ್ಲಿಂದಲೇ ಕೂಗಿದ.

“ನುಗ್ಗೆ ಹೂವು ಕಣ್ರೀ. ಬಚ್ಚಲ ನೀರಿನ್ ಮ್ಯಾಲೆ ಉದುರ್ತಾ ಐತೆ.”

“ಬಚ್ಚಲ ನೀರ್ನ ಯಾರಾರ ಫೋಟೋ ತೆಗೀತಾರೇನೇ? ರೀಲೇನು ಬಿಟ್ಟಿ ಬತ್ತದಾ?”

ಮತ್ತೆ ಕರ್ರ್, ಕರ್ರ್.

ತಿಮ್ಮರಾಜುವಿನ ಅಪ್ಪ ಅಕ್ಕಸಾಲಿಗರು. ಕುಲುಮೆಯ ಹೊಗೆ ಬೇಡವೆಂದು ಮಗ ಮೈಸೂರಿಗೆ ಹೋಗಿ ಫೋಟೋ ಕೆಲಸ ಕಲಿತು ಬಂದು, ಅಪ್ಪನ ಅಂಗಡಿಯಲ್ಲೇ ಶ್ರೀ ಕಾಳಿಕಾಂಬ ಸ್ಟುಡಿಯೋ ತೆರೆದಿದ್ದ. ಊರಿನ ಮದುವೆ, ಮುಂಜಿ, ಸಾವಿನ ಪಟಗಳೆಲ್ಲ ಅವನ ಕೈಯಿಂದಲೇ ಆಗಬೇಕು. ಆದರೆ ಅವನ ಹೆಮ್ಮೆ ಇದ್ದದ್ದು ಬೇರೆ ಕಡೆ. ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿಯ ಪುಟ್ಟಸ್ವಾಮಿ ವರ್ಷಕ್ಕೊಂದು ಕ್ಯಾಲೆಂಡರು ಹಾಕಿಸಿ ಸುತ್ತಲ ಹಳ್ಳಿಗಳಿಗೆಲ್ಲ ಹಂಚುತ್ತಿದ್ದ. ಅದರ ಪಟ ತಿಮ್ಮರಾಜುವಿನದು. ಪಟದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಛಾಯಾಗ್ರಹಣ: ತಿಮ್ಮರಾಜು’ ಎಂದು ಇರುತ್ತಿತ್ತು. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹುಡುಕುತ್ತಿದ್ದುದು ಗೋಡೆಯ ಮೇಲಿನ ಆ ಸಾಲನ್ನು. ಮನೆಯವರು ಕಾಫಿ ತರುವಷ್ಟರಲ್ಲಿ ಹತ್ತಿರ ಹೋಗಿ ಓದಿಕೊಂಡು ಬಂದು ಕೂರುತ್ತಿದ್ದ.

ಹೆಂಡತಿ ಯಶೋದಮ್ಮ ನಾಗಮಂಗಲದವಳು. ತವರಿನಲ್ಲಿ ಎರಕದ ಕೆಲಸ. ಮೇಣದಲ್ಲಿ ದೇವರನ್ನು ತಿದ್ದಿ, ಮಣ್ಣು ಮೆತ್ತಿ, ಕರಗಿದ ಕಂಚು ಹೊಯ್ಯುವ ಮನೆ. ಚಿಕ್ಕಂದಿನಲ್ಲಿ ಅಪ್ಪನ ಮಗ್ಗುಲಲ್ಲಿ ಕೂತು, ದೇವರ ಕಣ್ಣು ಯಾವ ಗಳಿಗೆಯಲ್ಲಿ ಬರೀ ಮೇಣವಾಗಿರುವುದನ್ನು ಬಿಟ್ಟು ಕಣ್ಣಾಗುತ್ತದೆ ಎಂದು ಕಾಯುತ್ತಿದ್ದಳಂತೆ. ಮದುವೆಯಾಗಿ ಬಂದ ಮೇಲೆ ಸ್ಟುಡಿಯೋದಲ್ಲಿ ಅವಳ ಪಾಲಿಗೆ ಬಂದದ್ದು ಹೆಣ್ಣುಮಕ್ಕಳ ಸೆರಗು ಸರಿಪಡಿಸುವ ಕೆಲಸ, ಅಳುವ ಕೂಸಿಗೆ ಗಿಲಕಿ ಆಡಿಸುವ ಕೆಲಸ, ಕತ್ತಲೆಕೋಣೆಯಲ್ಲಿ ಪ್ರಿಂಟುಗಳನ್ನು ನೀರಿನಲ್ಲಿ ಜಾಲಿಸಿ, ಒಣಗಿದ ಮೇಲೆ ಕಟರಿನಲ್ಲಿ ಅಂಚು ತೆಗೆಯುವ ಕೆಲಸ. ಮದುವೆಮನೆಗಳಲ್ಲಿ ಗಂಡನ ಹಿಂದೆ ಲೈಟು ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಕ್ಯಾಮೆರಾ ಮುಟ್ಟಿದವಳಲ್ಲ; ಮುಟ್ಟು ಎಂದು ಯಾರೂ ಹೇಳಿರಲಿಲ್ಲ.

ಈಗ ಹಿತ್ತಲಲ್ಲಿ ಕರ್ರೆನ್ನುತ್ತಿದ್ದ ಆ ಡಬ್ಬಿ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟವನು ತಿಮ್ಮರಾಜುವೇ. ಮದುವೆ ಕಾಲದಲ್ಲಿ ರೀಲು ಹೆಚ್ಚು ಕೊಂಡನೆಂದು ಮೈಸೂರಿನ ಏಜೆಂಟು ಸ್ಕೀಮಿನಲ್ಲಿ ಕೊಟ್ಟುಹೋದ ಪ್ಲಾಸ್ಟಿಕ್ಕಿನ ವಸ್ತು ಅದು. ದೂರ ಹೊಂದಿಸುವ ಉಂಗುರವಿಲ್ಲ, ಬೆಳಕು ಅಳೆಯುವ ಮುಳ್ಳಿಲ್ಲ. ನೋಡುವುದಕ್ಕೊಂದು ಕಿಂಡಿ, ಒತ್ತುವುದಕ್ಕೊಂದು ಗುಂಡಿ. “ತಗಾ, ನಿನ್ ಬ್ಯಾಗಿಗೊಂದು ಸೋಪಿನ ಡಬ್ಬಿ” ಎಂದು ನಗುತ್ತ ಕೊಟ್ಟಿದ್ದ. ಆ ನಗು ಈಗ ನೆನಪಾದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಾಘ ಕಳೆದು ಮರಗಳು ಚಿಗುರುವ ಹೊತ್ತಿಗೆ ಅವಳ ಮೊದಲ ರೀಲು ತುಂಬಿತ್ತು. ಬಣ್ಣದ ರೀಲುಗಳನ್ನು ಮೈಸೂರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ ತರಿಸಬೇಕಿತ್ತು. ಕಂಡಕ್ಟರು ತಂದುಕೊಟ್ಟ ಹಳದಿ ಲಕೋಟೆಯನ್ನು ತಿಮ್ಮರಾಜು ತಾನೇ ಮೊದಲು ಬಿಚ್ಚಿದ. ನಗುವುದಕ್ಕೆ ಬಾಯಿ ಸಿದ್ಧವಾಗಿತ್ತು.

ಶ್ರೀರಂಗಪಟ್ಟಣದ ಸ್ಟೇಷನ್ನಿನ ಹೊರಗೆ ಚಿಗುರಿದ ಅರಳಿ ಮರದಡಿ ನಿಂತ ಟಾಂಗಾ. ಕುದುರೆಯ ಬೆನ್ನ ಮೇಲೆ ಎಲೆಗಳಿಂದ ಇಳಿದ ತಾಮ್ರದ ಬೆಳಕು. ಕೆ.ಆರ್. ಪೇಟೆಯ ಬಸ್ ಸ್ಟಾಂಡಿನಲ್ಲಿ ಮಲ್ಲಿಗೆ ಅಳೆಯುತ್ತಿರುವ ಒಂದು ಮೊಳಕೈ, ಮುಖವೇ ಇಲ್ಲ. ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಎತ್ತಿನ ಕೋಡಿನ ಮೇಲೆ ಕೂತ ಕಾಗೆ. ನಾಗಮಂಗಲದ ದಾರಿಯ ಮುತ್ತುಗದ ಮರ, ಬಸ್ಸಿನ ಕಿಟಕಿಯ ಸರಳುಗಳ ನಡುವೆ ಉರಿಯುತ್ತಿತ್ತು. ಕೊನೆಗೆ ಅವನ ತಾಯಿ ಪುಟ್ಟಗೌರಮ್ಮ, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ, ಮುಖದ ತುಂಬ ಸುಕ್ಕು, ಸುಕ್ಕಿನ ತುಂಬ ಬಿಸಿಲು.

ಅವನು ಒಂದೊಂದರಲ್ಲೂ ತಪ್ಪು ಹುಡುಕಿದ. ಇದರಲ್ಲಿ ನೆಲ ಸೊಟ್ಟ. ಅದರಲ್ಲಿ ಕುದುರೆಯ ಬಾಲ ಅರ್ಧ. ತಪ್ಪು ಬೇಕಾದಷ್ಟು ಸಿಕ್ಕವು. ಆದರೂ ನೋಡಿದ್ದನ್ನು ಮತ್ತೆ ನೋಡಿದ. ಅವನು ಅದೇ ಟಾಂಗಾದ ಪಕ್ಕ ಎಷ್ಟು ಸಲ ಹಾದುಹೋಗಿದ್ದನೋ. ಬೆಳಕು ಅವನ ಕಣ್ಣೆದುರಿಗೇ ಬಿದ್ದಿರಬೇಕು. ಅವನಿಗೆ ತೋರದೆ ಅವಳಿಗೆ ಮಾತ್ರ ತೋರಿಸಿಕೊಂಡಿತ್ತು.

ಪುಟ್ಟಗೌರಮ್ಮ ತನ್ನ ಪಟವನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡಳು.

“ನಾನ್ ತೆಗ್ದಿದ್ದು ಐತಲ್ಲ, ಚೌಕಟ್ಟು ಹಾಕ್ಸಿದ್ದು?” ಎಂದ ತಿಮ್ಮರಾಜು.

“ಅದ್ರಲ್ಲಿರೋಳು ಯಾರೋ ಕಾಣೆ ಕಣ್ಲಾ ಮಗ. ನನ್ ಸುಕ್ಕ್ನೆಲ್ಲ ಪೆನ್ಸಿಲ್ನಲ್ಲಿ ತೀಡಿ ಎತ್ಬುಟ್ಟಿದ್ದೀಯ. ಸತ್ಮ್ಯಾಲೆ ನಿಮ್ಮಪ್ಪ ಗುರ್ತ್ ಇಡಿಯೋದು ಬ್ಯಾಡ್ವಾ?”

ನೆಗೆಟಿವ್ವಿನ ಮೇಲೆ ಸೀಸದ ಕಡ್ಡಿಯಿಂದ ಸುಕ್ಕು, ಕಲೆ, ಮಚ್ಚೆಗಳನ್ನು ಅಳಿಸುವುದರಲ್ಲಿ ಅವನಷ್ಟು ನಯವಾದ ಕೈ ಜಿಲ್ಲೆಯಲ್ಲೇ ಇಲ್ಲ ಎಂದು ಹೆಸರಿತ್ತು. ಆ ಹೆಸರಿಗೆ ತಾಯಿಯೇ ಹೀಗೆ ಅಂದುಬಿಟ್ಟಳು. ಅಂದು ಅವನು ಅನ್ನಕ್ಕೆ ಉಪ್ಪು ಕಡಿಮೆ ಎಂದು ತಟ್ಟೆ ಸರಿಸಿ ಎದ್ದ. ಉಪ್ಪು ಸರಿಯಾಗಿಯೇ ಇತ್ತು.

ಪುಟ್ಟಸ್ವಾಮಿ ಬಂದದ್ದು ಆ ವಾರವೇ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಗಾಜಿನ ಮೇಲೆ ಹರಡಿದ್ದ ಪಟಗಳನ್ನು ಎತ್ತಿ ನೋಡಿ, “ಎಲಾ ಇವ್ನ! ಏನ್ಲಾ ತಿಮ್ಮರಾಜು, ವಯಸ್ಸಾಗ್ತಾ ಕಣ್ಣು ಬತ್ತಾ ಐತೆ ನಿಂಗೆ!” ಎಂದ.

“ಅವು ನನ್ನವಲ್ಲ.”

“ಮತ್ತ್ಯಾರವು?”

ಯಶೋದಮ್ಮ ಕಟರಿನ ಮುಂದೆ ತಲೆ ಬಗ್ಗಿಸಿದ್ದಳು. ತಿಮ್ಮರಾಜು ಅವಳತ್ತ ನೋಡದೆ, “ಯಾರೋ ಗಿರಾಕಿವು” ಎಂದ. ಕಟರಿನ ಅಲಗು ಕೆಳಗಿಳಿಯಿತು. ಅವಳು ತಲೆ ಎತ್ತಲಿಲ್ಲ.

“ಆ ಗಿರಾಕೀನ ಇಡ್ಕಾ ಕಣ್ಲಾ” ಎಂದು ನಕ್ಕ ಪುಟ್ಟಸ್ವಾಮಿ, ಬಂದ ಕೆಲಸ ಹೇಳಿದ. ಬರುವ ವರ್ಷದ ಕ್ಯಾಲೆಂಡರಿಗೆ ದೇವಸ್ಥಾನ, ಅಣೆಕಟ್ಟು ಸಾಕು. ಹೊನ್ನಾರಿನ ಪಟ ಬೇಕು. ಯುಗಾದಿಯ ದಿನ ರೈತ ಕುಳ್ಳಯ್ಯನ ಗದ್ದೆಯಲ್ಲಿ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುತ್ತಾರೆ; ಹೋಗಿ ತೆಗಿ. “ಸಂದಾಗ್ ಬಂದ್ರೆ ನಿನ್ ಹೆಸ್ರು ವಸಿ ದಪ್ಪಕ್ಷರದಲ್ಲೇ ಹಾಕಿಸ್ತೀನಿ.”

ದಪ್ಪಕ್ಷರ. ತಿಮ್ಮರಾಜುವಿಗೆ ನಾಲ್ಕು ರಾತ್ರಿ ಅದೇ ಕನವರಿಕೆ. ಆದರೆ ಅದರ ಬೆನ್ನಿಗೇ ಒಂದು ಅನುಮಾನವೂ ಹತ್ತಿಕೊಂಡಿತು. ಇವಳಿಗೆ ಏನು ಗೊತ್ತು? ಏನೂ ಗೊತ್ತಿಲ್ಲ. ಹಾಗಾದರೆ ಗುಣವಿರುವುದು ಆ ಡಬ್ಬಿಯಲ್ಲೇ. ಕೆಲವು ಸುತ್ತಿಗೆಗಳಿಗೆ ಕೈಗುಣವಿರುತ್ತದೆ ಎಂದು ಅಪ್ಪ ಹೇಳುತ್ತಿರಲಿಲ್ಲವೇ? ತಾನು ಕೈಯಾರೆ ದಾನ ಮಾಡಿದ್ದು ಅಂಥದೊಂದನ್ನು ಎಂದು ಅವನಿಗೆ ಖಾತ್ರಿಯಾಗತೊಡಗಿತು.

ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಹೊರಡುವಾಗ ಅವಳ ಬ್ಯಾಗಿನಿಂದ ಡಬ್ಬಿಯನ್ನು ತೆಗೆದು ತನ್ನ ಜೇಬಿಗೆ ಇಳಿಸಿಕೊಂಡ.

“ಅದ್ಯಾಕ್ರೀ?” ಎಂದಳು ಯಶೋದಮ್ಮ.

“ಇರ್ಲಿ. ನೀನು ಕೊಡೆ ತಗಾ. ಲೆನ್ಸಿಗೆ ಬಿಸ್ಲು ಒಡೀದಂಗೆ ಇಡೀಬೇಕು.”

ಅವಳ ಕೈ ಖಾಲಿ ಬ್ಯಾಗಿನೊಳಗೆ ಒಂದು ಸಲ ಆಡಿ ಹೊರಗೆ ಬಂತು. ಕೊಡೆ ತೆಗೆದುಕೊಂಡಳು.

ಕುಳ್ಳಯ್ಯನ ಗದ್ದೆ ನಾಲೆಯ ಕೆಳಗೆ. ನಾಲೆ ಏರಿಯ ಉದ್ದಕ್ಕೂ ಹೊಂಗೆ ಮರಗಳು ಹೂ ಬಿಟ್ಟು, ಕೆಳಗೆ ಪುರಿ ಚೆಲ್ಲಿದಂತೆ ನೆಲವೆಲ್ಲ ನಸುಗೆಂಪು ಬಿಳುಪು. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಮೊದಲ ನೇಗಿಲು ಹೂಡುವ ಯೋಗ ಪಂಚಾಂಗದಲ್ಲಿ ಆ ಸಲ ಕುಳ್ಳಯ್ಯನ ಹೆಸರಿಗೇ ಬಂದಿತ್ತು. ಮನೆಯ ಹೆಂಗಸರು ನೇಗಿಲಿಗೆ ಆರತಿ ಎತ್ತಿದರು, ಕಾಯಿ ಒಡೆದರು. ಕುಳ್ಳಯ್ಯ ಮೇಣಿ ಹಿಡಿದು, “ಹೋ” ಎಂದ. ನೆಲ ಬಿರಿಯಿತು.

ತಿಮ್ಮರಾಜು ದೊಡ್ಡ ಕ್ಯಾಮೆರಾವನ್ನು ಏರಿಯ ಬುಡದಲ್ಲಿ ಸ್ಟಾಂಡಿನ ಮೇಲೆ ನಿಲ್ಲಿಸಿದ್ದ. ನೇಗಿಲು ಎದುರಿಗೆ ಬರುತ್ತಲೇ ಮದುವೆಮನೆಯ ಅಭ್ಯಾಸದಂತೆ ಎರಡೂ ಕೈ ಎತ್ತಿ, “ಸ್ಟಾಪ್! ಸ್ಟಾಪ್! ಗೌಡ್ರೇ ಹಂಗೇ ನಿಂತ್ಕಳಿ. ತಲೆ ವಸಿ ಮೇಲಕ್ಕೆ. ಎತ್ತಿನ ಮುಖ ಈ ಕಡೆ ತಿರುಗ್ಸಿ. ಯಾರೂ ಅಲ್ಲಾಡ್ಬ್ಯಾಡಿ!” ಎಂದು ಕೂಗಿದ.

ಎತ್ತುಗಳು ಬೆದರಿ ನಿಂತವು. ಅವನು ಉಂಗುರ ತಿರುಗಿಸಿ ದೂರ ಹೊಂದಿಸಿದ, ಗುಂಡಿ ಒತ್ತಿದ, ಮೇಲಿನ ಸನ್ನೆಕೀಲು ಎಳೆದು ರೀಲು ಮುಂದಕ್ಕೆ ತಂದ. ಅಷ್ಟರಲ್ಲಿ ಏರಿಯ ಮೇಲಿದ್ದವರೆಲ್ಲ “ಅಯ್ಯಯ್ಯೋ” ಎಂದಿದ್ದರು. ಕುಳ್ಳಯ್ಯನ ಮುಖ ಕೆಂಪಾಗಿತ್ತು.

“ಏ ಆಚಾರಿ! ಬುದ್ಧಿಗಿದ್ಧಿ ಐತಾ ನಿಂಗೆ? ಹೊನ್ನಾರು ಕಟ್ದ್ ಮ್ಯಾಲೆ ಸುತ್ತು ಮುಗಿಯೋಗಂಟ ನೇಗ್ಲು ನಿಲ್ಲಿಸ್ತಾರೇನಯ್ಯ? ವರ್ಸವೆಲ್ಲ ಬೇಸಾಯ ನಿಂತೋಗ್ಲಿ ಅಂತ್ಲಾ?”

“ಒಂದೇ ಒಂದ್ನಿಮಿಷ ಗೌಡ್ರೇ...”

“ನಿನ್ ನಿಮಿಷಕ್ ಬೆಂಕಿ ಬೀಳ. ಇನ್ನೊಂದ್ ಕಿತ ಕೈ ಎತ್ತಿದ್ರೆ ಆ ಮೂರ್ ಕಾಲಿನ್ ಸ್ಟಾಂಡ್ ಸಮೇತ ನಾಲೇಗ್ ಎಸೀತೀನಿ. ಹೋ! ಹೋ!”

ನೇಗಿಲು ಮುಂದೆ ಸಾಗಿತು. ಏರಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ತಿಮ್ಮರಾಜು ಹೆಂಡತಿಯ ಮುಖ ನೋಡಲಿಲ್ಲ. ಜೇಬಿನಿಂದ ಡಬ್ಬಿ ತೆಗೆದ. ನಿಲ್ಲದಿದ್ದರೆ ಬೇಡ, ಓಡುತ್ತಲೇ ತೆಗೆಯುತ್ತೇನೆ. ಇವಳು ತೆಗೆಯುವುದು ಹಾಗೆಯೇ ತಾನೆ? ಹೆಂಟೆಗಳ ಮೇಲೆ ಎಡವುತ್ತ, ಹೊಸ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೇಗಿಲಿನ ಪಕ್ಕದಲ್ಲಿ ಓಡಿದ. ಬಲಗೈಯಲ್ಲಿ ಗುಂಡಿ, ಎಡಗೈ ಕ್ಯಾಮೆರಾದ ಮುಂದೆ. ಒತ್ತಿದ, ಚಕ್ರ ತಿರುಗಿಸಿದ, ಒತ್ತಿದ.

“ರೀ, ಕೈ... ನಿಮ್ಮ್ ಎಡಗೈ...” ಎಂದು ದೂರದಲ್ಲಿ ಸ್ಟಾಂಡಿನ ಪಕ್ಕ ಕೊಡೆ ಹಿಡಿದಿದ್ದ ಯಶೋದಮ್ಮ ಕೂಗಿದಳು.

“ಬಾಯ್ಮುಚ್ಕಂಡ್ ನಿಂತ್ಕಳೇ!” ಎಂದು ಓಡುತ್ತಲೇ ಗದರಿದ. ಎಲ್ಲರೂ ಕೇಳಿಸಿಕೊಂಡರು. ಅವಳು ಬಾಯಿ ಮುಚ್ಚಿಕೊಂಡಳು. ಸುತ್ತು ಬಳಸಿ ನೇಗಿಲು ಮತ್ತೆ ಏರಿಯ ಬುಡಕ್ಕೆ ಬಂತು, ಹಿಂದೆ ಬೆಳ್ಳಕ್ಕಿಗಳು, ಅವುಗಳ ಪಕ್ಕದಲ್ಲಿ ಅವನು.

ಮೈಸೂರಿನಿಂದ ಲಕೋಟೆಗಳು ಬಂದ ಸಂಜೆ ಯಶೋದಮ್ಮ ನೀರು ಹಿಡಿಯಲು ಹೋಗಿದ್ದಳು. ತಿಮ್ಮರಾಜು ಮೊದಲು ಡಬ್ಬಿಯ ರೀಲಿನದನ್ನು ಬಿಚ್ಚಿದ. ಮೊದಲ ಪಟದಲ್ಲಿ ನುಗ್ಗೆ ಹೂವು ಬಚ್ಚಲ ನೀರಿನ ಮೇಲೆ ನಕ್ಷತ್ರದ ಹಾಗೆ ತೇಲುತ್ತಿತ್ತು. ಅವನು ಅದನ್ನು ಕೆಳಗೆ ತಳ್ಳಿದ. ಹೊನ್ನಾರಿನವು ಬಂದವು. ಪ್ರತಿಯೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಕೆಂಪು ಮಿಶ್ರಿತ ದಿಣ್ಣೆಯೊಂದು ಕೂತಿತ್ತು. ದಿಣ್ಣೆಯ ಆಚೆ ಎತ್ತಿನ ಬಾಲ, ಕುಳ್ಳಯ್ಯನ ಒಂದು ಕಾಲು, ಆಕಾಶ.

ಏನಿದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತನ್ನ ಎಡಗೈಯನ್ನು ನೋಡಿಕೊಂಡ. ಗಾಳಿಯಲ್ಲೇ ಅದು ಬಟ್ಟಲಿನ ಹಾಗೆ ಬಾಗಿತ್ತು, ಇಲ್ಲದ ಉಂಗುರವೊಂದನ್ನು ತಿರುಗಿಸಲು. ಇಷ್ಟು ವರ್ಷ ದೊಡ್ಡ ಕ್ಯಾಮೆರಾದ ಮೂತಿ ಹಿಡಿದ ಬೆರಳುಗಳು ಡಬ್ಬಿಯ ಪುಟ್ಟ ಕಣ್ಣನ್ನು ಮುಚ್ಚಿದ್ದವು. ಅದರ ಕಿಂಡಿಯೇ ಬೇರೆ, ಕಣ್ಣೇ ಬೇರೆ, ನೋಡುವವನಿಗೆ ಗೊತ್ತಾಗುವುದಿಲ್ಲ. ‘ರೀ, ಕೈ’ ಎಂದು ಅವಳು ಕೂಗಿದ್ದಳು.

ಎರಡನೆಯ ಲಕೋಟೆ ದೊಡ್ಡ ಕ್ಯಾಮೆರಾದ್ದು. ಕುಳ್ಳಯ್ಯ ಕಳ್ಳನನ್ನು ಹಿಡಿದು ನಿಲ್ಲಿಸಿದಂತೆ ನಿಂತ ಪಟ ಬಂತು. ಅದರ ಹಿಂದೆ ಅವನು ತೆಗೆಯದ ಪಟವೊಂದಿತ್ತು.

ಅದೇ ಜಾಗ. ಅವನೇ ನಿಲ್ಲಿಸಿದ ಸ್ಟಾಂಡು, ಅವನೇ ಹೊಂದಿಸಿದ ದೂರ. ಆದರೆ ಎತ್ತುಗಳು ನಡೆಯುತ್ತಿದ್ದವು. ಎತ್ತಿದ ಗೊರಸಿನಿಂದ ಮಣ್ಣು ಉದುರುತ್ತಿತ್ತು. ಕುಳ್ಳಯ್ಯನ ಬಾಯಿ ‘ಹೋ’ ಎಂದು ತೆರೆದಿತ್ತು. ಹೊಂಗೆ ಹೂ ಗಾಳಿಯಲ್ಲಿ ಇನ್ನೂ ನೆಲ ಮುಟ್ಟಿರಲಿಲ್ಲ. ಎಡಮೂಲೆಯಲ್ಲಿ ಪಂಚೆ ಎತ್ತಿ ಕಟ್ಟಿ, ಸೋಪಿನ ಡಬ್ಬಿಯನ್ನು ಮುಖಕ್ಕೆ ಒತ್ತಿಕೊಂಡು, ಒಂದು ಕಾಲು ಗಾಳಿಯಲ್ಲಿ ಓಡುತ್ತಿದ್ದವನು ತಿಮ್ಮರಾಜು.

ಆ ಕ್ಯಾಮೆರಾದ ಹತ್ತಿರ ಇದ್ದವರು ಒಬ್ಬರೇ.

ನನ್ನ ಕ್ಯಾಮೆರಾ, ನನ್ನ ರೀಲು. ಒಂದೇ ಒಂದು ಸಲ ಒತ್ತಿದಳು. ಒಂದೇ ಸಲ! ಪಟವನ್ನು ಕಟರಿಗೆ ಕೊಟ್ಟು, ಎಡಮೂಲೆಯ ಗೆರೆ ನೋಡಿ, ಅಲಗು ಇಳಿಸಿದ. ತಿಮ್ಮರಾಜು ಉದ್ದನೆಯ ಚೂರಾಗಿ ಕಟರಿನ ಕೆಳಗಿನ ಕಸದ ಡಬ್ಬದೊಳಗೆ ಬಿದ್ದ. ಉಳಿದದ್ದರಲ್ಲಿ ಎತ್ತು, ನೇಗಿಲು, ಹೂವು. ಯಾರು ತೆಗೆದದ್ದೆಂದು ಪಟ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಮರುದಿನ ಪುಟ್ಟಸ್ವಾಮಿ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, “ಲೋ... ಇದು ಕಣ್ಲಾ! ಮಣ್ಣಿನ್ ವಾಸ್ನೆ ಒಡೀತಾ ಐತೆ. ದಪ್ಪಕ್ಷರ ನಿಂದೇ ಬುಡು” ಎಂದು ಅದನ್ನು ಗಾಜಿನ ಮೇಲೆ ಇಟ್ಟ.

ತಿಮ್ಮರಾಜು ನಗಲು ನೋಡಿದ. ಆಗ ಒಳಗಿನಿಂದ ಯಶೋದಮ್ಮ ಬಂದಳು. ಕಟರಿನ ಚೂರು ಡಬ್ಬ ಖಾಲಿ ಮಾಡುವುದು ದಿನಾ ಬೆಳಿಗ್ಗೆ ಅವಳ ಕೆಲಸ. ಅದು ಅವನಿಗೆ ಈಗಷ್ಟೇ ನೆನಪಾಯಿತು. ಅವಳು ಅಂಗೈಯಲ್ಲಿದ್ದ ಚೂರನ್ನು ಗಾಜಿನ ಮೇಲೆ ಇಟ್ಟು, ಪಟದ ಎಡಅಂಚಿಗೆ ಬೆರಳಿನಿಂದ ಮೆಲ್ಲಗೆ ತಳ್ಳಿ ಕೂಡಿಸಿದಳು.

“ಇದ್ನೂ ಸೇರ್ಸಿ ನೋಡಿ ಅಣ್ಣ.”

ಪುಟ್ಟಸ್ವಾಮಿ ಬಗ್ಗಿದ. ನೋಡಿದ. ಮೇಜು ಹಿಡಿದುಕೊಂಡು ನಗತೊಡಗಿದ. “ಅಯ್ಯೋ ನಿನ್! ಏನ್ಲಾ ಇದು, ಕೋಳಿ ಅಟ್ಟಿಸ್ಕೊಂಡ್ ಓಗೋನಂಗೆ! ಅಲ್ಲ ಕಣ್ಲಾ, ನೀನಿಲ್ಲಿ ಓಡ್ತಿದ್ರೆ ಇದ್ನ ತೆಗ್ದೋರ್ಯಾರು?”

ತಿಮ್ಮರಾಜುವಿನ ಕಿವಿ ಕಾದವು. ಅವಳತ್ತ ತಿರುಗಿ, “ಕತ್ರಿಸಿದ್ದು ಯಾಕ್ ಗೊತ್ತಾ? ಪಟ ಕೆಡ್ತಿತ್ತು. ಎತ್ತು ಮುಖ್ಯ, ನಾನಲ್ಲ” ಎಂದ.

“ನಾನು ಎತ್ತು ನೋಡಿ ಒತ್ಲಿಲ್ಲ ಕಣ್ರೀ” ಎಂದಳು ಅವಳು, ಚೂರಿನ ಮೇಲಿನ ಬೆರಳು ತೆಗೆಯದೆ. “ಅಷ್ಟೊಂದ್ ಆಸೆಯಿಂದ ಓಡ್ತಿದ್ರಿ. ನಮ್ ಮದ್ವೆ ಆದಾಗ್ನಿಂದ ನಿಮ್ದೊಂದ್ ಪಟಾನೂ ಇರ್ಲಿಲ್ಲ.”

ತಿಮ್ಮರಾಜು ಚೂರಿನಲ್ಲಿದ್ದ ಮನುಷ್ಯನನ್ನು ನೋಡಿದ. ಕೆನ್ನೆಯ ಸುಕ್ಕು, ಬೆವರು, ನಡುವಿನ ಬೊಜ್ಜು. ಪೆನ್ಸಿಲ್ಲು ತಾಗದ ಮುಖ. ಕೆಡುಕೆನಿಸಿದ್ದು ಏನೆಂದರೆ, ಅದು ಚೆನ್ನಾಗಿಯೇ ಇತ್ತು.

“ಕೆಳಗೆ ಹೆಸ್ರು ಏನ್ ಹಾಕ್ಲಿ, ಬೇಗ್ ಹೇಳು ಮಾರಾಯ” ಎಂದ ಪುಟ್ಟಸ್ವಾಮಿ.

ತಿಮ್ಮರಾಜು ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿದ. “ಯಶೋದಮ್ಮ ಅಂತ ಹಾಕ್ಸು” ಎಂದ ಕೊನೆಗೆ.

“ದಪ್ಪಕ್ಷರದಲ್ಲಾ?”

“ಊಂ, ಅದೇನ್ ಮಾಡ್ತೀಯೋ ಮಾಡು. ಆದ್ರೆ ನೀನೊಂದು ತಿಳ್ಕಾ ಪುಟ್ಟಸ್ವಾಮಿ. ಸ್ಟಾಂಡು ನಂದು. ದೂರ ಹೊಂದ್ಸಿದ್ದು ನಾನು. ಬೆಳಕು ಅಳ್ದಿದ್ದು ನಾನು. ರೀಲು ಮುಂದಕ್ಕೆ ಎಳ್ದಿಟ್ಟಿದ್ದೂ ನಾನೇ, ಇಲ್ದಿದ್ರೆ ಇವ್ಳು ಒತ್ತಿದ್ರೂ ಏನೂ ಬೀಳ್ತಿರ್ಲಿಲ್ಲ. ಅಲ್ವೇನೇ? ನೀನೇ ಹೇಳು. ನಾನು ಆ ಜಾಗ ಆರಿಸ್ದೆ ಇದ್ದಿದ್ರೆ...”

“ಊಂ ಕಣ್ರೀ, ನೀವು ಜಾಗ...” ಎಂದು ಶುರುಮಾಡಿದವಳು ಬೀದಿಯತ್ತ ನೋಡಿದಳು. ಬಸ್ ಸ್ಟಾಂಡಿನ ಬೇವಿನ ಮರದ ಕೆಳಗೆ ಸೈಕಲ್ಲಿನ ಹಿಂದೆ ಮಾವಿನಕಾಯಿ ಮಂಕರಿ ಹೇರಿಕೊಂಡು ಬಂದವನೊಬ್ಬ ಮುಖ ತೊಳೆಯಲು ತಂಬಿಗೆ ಎತ್ತಿದ್ದ. ನೀರು ಬಿಸಿಲಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು.

“ಜಾಗ ಆರಿಸೋದೇ ಅರ್ಧ ಕೆಲ್ಸ” ಎಂದು ತಿಮ್ಮರಾಜು ಬೆರಳು ಎತ್ತಿ ಹೇಳುತ್ತಿದ್ದ. “ಇನ್ನರ್ಧ ಅನುಭವ. ಕೇಳ್ತಾ ಇದ್ದೀಯಾ? ಆ ಹೊತ್ನಲ್ಲಿ ಸೂರ್ಯ ಯಾವ ಕಡೆ...”

ಯಶೋದಮ್ಮ ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು, ಹೆಬ್ಬೆರಳಿನಲ್ಲಿ ಚಕ್ರ ತಿರುಗಿಸುತ್ತ, ಮೆಟ್ಟಿಲಿಳಿದು ಹೊರಟುಹೋದಳು.